ಎಷ್ಟನೇ ದಿನದ ರಕ್ತ?

ನನ್ನ ಮೇಜಿನ ಕೆಳಖಾನೆಯಲ್ಲಿ ನಾಲ್ಕು ಉದ್ದನೆಯ ನೋಟ್‌ಬುಕ್‌ಗಳಿವೆ. ಕಿರಾಣಿ ಅಂಗಡಿಯವರು ಸಾಲದ ಲೆಕ್ಕ ಬರೆದಿಡುತ್ತಾರಲ್ಲ, ಅಂಥವು. ಒಬ್ಬ ರೋಗಿಗೆ ಒಂದು ಪುಟ, ಒಂದು ದಿನಕ್ಕೆ ಒಂದು ಸಾಲು. ಎಡತುದಿಯ ಕಾಲಂನಲ್ಲಿ ನಾನು ತಾರೀಖು ಬರೆಯುವುದಿಲ್ಲ, ಜ್ವರ ಶುರುವಾಗಿ ಎಷ್ಟನೇ ದಿನ ಎಂದು ಬರೆಯುತ್ತೇನೆ. ಪ್ಲೇಟ್‌ಲೆಟ್, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು), ಸಿಆರ್‌ಪಿ (ಮೈಯಲ್ಲಿ ಉರಿಯೂತ ಎಷ್ಟಿದೆ ಎಂಬುದರ ಅಳತೆ), ಯೂರಿಯಾ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ) ಎಲ್ಲ ಅದರ ಬಲಕ್ಕೆ. ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಷಿಯನ್ ನಾನು. ವೈರಸ್ ಜ್ವರದಲ್ಲಿ ಯಾರು ನಡೆದುಕೊಂಡು ಮನೆಗೆ ಹೋಗುತ್ತಾರೆ, ಯಾರು ಎರಡು ದಿನದಲ್ಲಿ ಕುಸಿಯುತ್ತಾರೆ ಎಂದು ರಕ್ತ ನೋಡಿ ಮೊದಲೇ ಅಂದಾಜು ಮಾಡುವುದನ್ನು ನಾನು ಎಷ್ಟು ಕಲಿತಿದ್ದೇನೋ ಅಷ್ಟನ್ನೂ ಈ ಪುಸ್ತಕಗಳಲ್ಲೇ ಕಲಿತದ್ದು.

ಆ ಎಡತುದಿಯ ಕಾಲಂ ತುಂಬುವಷ್ಟು ಕಷ್ಟ ಬೇರೆ ಯಾವುದೂ ಇಲ್ಲ. "ಜ್ವರ ಎಷ್ಟು ದಿನದಿಂದ?" ಅಂದರೆ ಎಲ್ಲರದ್ದೂ ಒಂದೇ ಉತ್ತರ, "ಮೂರ್ನಾಲ್ಕು ದಿನ ಆಯ್ತು ಸಾರ್." ಮೂರೋ ನಾಲ್ಕೋ ಎಂದು ಕೇಳಿದರೆ ಗಂಡ ಮೂರು ಅನ್ನುತ್ತಾನೆ, ಹೆಂಡತಿ ಐದು ಅನ್ನುತ್ತಾಳೆ. ಹಾಗಾಗಿ ತಾರೀಖು ಕೇಳುವುದನ್ನೇ ಬಿಟ್ಟೆ. ಸಂತೆ ದಿನ ಜ್ವರ ಇತ್ತಾ? ಆವತ್ತು ಸಂತೆಗೆ ಹೋಗಿದ್ದು ಯಾರು? ಡೈರಿಗೆ ಹಾಲು ಹಾಕೋಕೆ ಯಾವ ದಿನದಿಂದ ಮಗನನ್ನ ಕಳಿಸ್ತಿದ್ದೀರಿ? ಹೀಗೆ ಕೇಳಿದರೆ ನಿಜವಾದ ಮೊದಲ ದಿನ ಸಿಗುತ್ತದೆ, ಮೂರು ದಿನದ ಜ್ವರ ಬಹಳ ಸಲ ಐದು ದಿನದ್ದಾಗಿರುತ್ತದೆ. ಡೆಂಗಿಯಲ್ಲಿ ಮೂರನೇ ದಿನಕ್ಕೂ ಐದನೇ ದಿನಕ್ಕೂ ಇರುವ ವ್ಯತ್ಯಾಸ ಜೀವದ್ದು.

ಪುಸ್ತಕ ಶುರುವಾದದ್ದೂ ಡೆಂಗಿಯಿಂದಲೇ. ಹತ್ತನೇ ತರಗತಿಯ ಒಬ್ಬ ಹುಡುಗ. ನಾಲ್ಕು ದಿನ ಸುಟ್ಟ ಜ್ವರ ಐದನೇ ದಿನ ಬೆಳಿಗ್ಗೆ ಇಳಿದಿತ್ತು. ಪ್ಲೇಟ್‌ಲೆಟ್ 90 ಸಾವಿರ. "ಜ್ವರ ಬಿಟ್ಟಿದೆ, ಪ್ಲೇಟ್‌ಲೆಟ್ಟೂ ಪರವಾಗಿಲ್ಲ, ಡಿಸ್ಚಾರ್ಜ್ ಮಾಡಿಬಿಡಿ ಡಾಕ್ಟ್ರೇ, ಟೆಸ್ಟ್ ಇದೆ ಇವ್ನಿಗೆ" ಎಂದು ತಂದೆ ಕೇಳುತ್ತಿದ್ದರು. ನಾನೂ ಪೆನ್ನು ತೆಗೆದಿದ್ದೆ. ಆಗ ಕಣ್ಣಿಗೆ ಬಿದ್ದದ್ದು ಪಿಸಿವಿ. ದಾಖಲಾದ ದಿನ 38 ಇದ್ದದ್ದು ಅಂದು 46. ಎರಡೂ ರಿಪೋರ್ಟಿನಲ್ಲಿ ಆ ಅಂಕಿಯ ಪಕ್ಕ ಯಾವ ನಕ್ಷತ್ರ ಗುರುತೂ ಇರಲಿಲ್ಲ, ಎರಡೂ 'ನಾರ್ಮಲ್'. ಆದರೆ 38ರಿಂದ 46 ಎಂದರೆ ಶೇಕಡಾ 20ಕ್ಕಿಂತ ಹೆಚ್ಚು ಏರಿಕೆ. ರಕ್ತನಾಳದ ಗೋಡೆ ಜಿನುಗಿ ನೀರಿನಂಶ ಹೊಟ್ಟೆಗೋ ಎದೆಗೋ ಇಳಿಯುತ್ತಿದೆ, ಒಳಗೆ ಉಳಿದ ರಕ್ತ ಕುದಿಸಿಟ್ಟ ಸಾರಿನ ಹಾಗೆ ಗಟ್ಟಿಯಾಗುತ್ತಿದೆ ಎಂದು ಅದರ ಅರ್ಥ. ಬಿಪಿ ನೋಡಿದರೆ ಮೇಲಿನದು 100, ಕೆಳಗಿನದು 84. ಮೇಲಿನ ಅಂಕಿಯೊಂದನ್ನೇ ನೋಡಿದರೆ ಏನೂ ಆಗಿಲ್ಲ. ಎರಡರ ಅಂತರ 20ಕ್ಕಿಂತ ಕಡಿಮೆಯಾಗಿತ್ತು. ಕೈ ತಣ್ಣಗಿತ್ತು. ಡಿಸ್ಚಾರ್ಜ್ ಶೀಟು ಪಕ್ಕಕ್ಕಿಟ್ಟು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಏರಿಸಿದೆವು. ಹುಡುಗ ಉಳಿದ. ಟೆಸ್ಟ್ ಹೋಯಿತು.

ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು ಎಂದು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಸೋರಿಕೆ 24ರಿಂದ 48 ಗಂಟೆ ಇರುತ್ತದೆ, ಆಮೇಲೆ ಸೋರಿದ್ದು ತಾನಾಗಿ ವಾಪಸ್ ಬರುತ್ತದೆ ಎಂದೂ ಗೊತ್ತಿತ್ತು. ಆದರೂ ಅಂದು ಪೆನ್ನು ಕೈಗೆ ಬಂದಿತ್ತಲ್ಲ! ಮಾರನೇ ದಿನ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಮೊದಲ ನೋಟ್‌ಬುಕ್ ಕೊಂಡೆ.

ಬರೆಯುತ್ತಾ ಹೋದಂತೆ ನಮ್ಮ ಕಡೆಯದೇ ಒಂದು ತೊಡಕು ಕಾಣಿಸಿತು. ನಮ್ಮಲ್ಲಿ ರಕ್ತಹೀನತೆ ಇರುವ ಹೆಂಗಸರು ಬಹಳ. ಹಿಮೋಗ್ಲೋಬಿನ್ 8 ಇದ್ದರೆ ಪಿಸಿವಿ ಸುಮಾರು ಅದರ ಮೂರರಷ್ಟು, ಅಂದರೆ 24-25ರ ಆಸುಪಾಸು. ಅಂಥವರಿಗೆ ಸೋರಿಕೆಯಾಗಿ ಪಿಸಿವಿ 31ಕ್ಕೆ ಏರಿದರೂ ರಿಪೋರ್ಟಿನಲ್ಲಿ ಅದು ನಾರ್ಮಲ್‌ಗಿಂತ ಕಡಿಮೆಯೇ. ಡ್ಯೂಟಿ ಡಾಕ್ಟರು "ರಕ್ತ ಕಡಿಮೆ ಇದೆ" ಎಂದು ಐರನ್ ಮಾತ್ರೆ ಬರೆಯುವ ಸಂಭವವೇ ಜಾಸ್ತಿ. ಹಳೆಯ ರಿಪೋರ್ಟು ತನ್ನಿ ಎಂದು ಮನೆಯವರನ್ನು ಕಾಡಿಸಲು ಶುರುಮಾಡಿದ್ದು ಆಮೇಲೆ. ಬಸುರಿ, ಬಾಣಂತಿಯರ ತಾಯಿ ಕಾರ್ಡಿನಲ್ಲಿ ಹಳೆಯ ಹಿಮೋಗ್ಲೋಬಿನ್ ಬರೆದಿರುತ್ತದೆ. ಎಷ್ಟೋ ಸಲ ಅದೇ ನನಗೆ ಮೊದಲ ದಿನದ ರಿಪೋರ್ಟು. ಇದರ ತದ್ವಿರುದ್ಧವೂ ಇದೆ. ಪಿಸಿವಿ ಇಳಿಯಿತು ಎಂದು ಸಮಾಧಾನಪಡುವ ಮೊದಲು ನಾಡಿ ಮುಟ್ಟಿ ನೋಡಬೇಕು. ನಾಡಿ ನಿಧಾನವಾಗಿ ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ಸೋರಿದ ನೀರು ವಾಪಸ್ ಬರುತ್ತಿದೆ, ಬಾಟಲಿ ನಿಲ್ಲಿಸಬೇಕು. ನಾಡಿ ಓಡುತ್ತಿದ್ದರೆ ಒಳಗೆಲ್ಲೋ ರಕ್ತ ಹೋಗುತ್ತಿದೆ.

ಪ್ಲೇಟ್‌ಲೆಟ್ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ರೋಗಿಯ ಕಡೆಯವರು ಅದನ್ನು ಕ್ರಿಕೆಟ್ ಸ್ಕೋರಿನಂತೆ ಗಂಟೆಗೊಮ್ಮೆ ಕೇಳುತ್ತಾರೆ, ಪಪ್ಪಾಯಿ ಎಲೆಯ ರಸ ಹಿಂಡಿ ತರುತ್ತಾರೆ. ರಕ್ತಸ್ರಾವವಿಲ್ಲದವರಿಗೆ ಅಂಕಿ ನೋಡಿ ಪ್ಲೇಟ್‌ಲೆಟ್ ಏರಿಸಿ ಪ್ರಯೋಜನವಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಆಮೇಲೆ ಕೋವಿಡ್ ಬಂತು.

2020ರ ಮಾರ್ಚ್‌ನಲ್ಲಿ ವೂಹಾನ್‌ನ ಎರಡು ಆಸ್ಪತ್ರೆಗಳ 191 ರೋಗಿಗಳ ವರದಿ ಲ್ಯಾನ್ಸೆಟ್‌ನಲ್ಲಿ ಬಂದಾಗ ನಾವೆಲ್ಲ ಅದನ್ನು ಫೋನಿನಲ್ಲೇ ಓದಿದೆವು. ದಾಖಲಾಗುವಾಗಲೇ ಡಿ-ಡೈಮರ್ (ಒಳಗೆ ರಕ್ತ ಹೆಪ್ಪುಗಟ್ಟುತ್ತಿರುವುದರ ಸುಳಿವು) 1 ಮೈಕ್ರೋಗ್ರಾಂ ದಾಟಿದವರಲ್ಲಿ ಸಾವು ಹೆಚ್ಚು ಎಂದಿತ್ತು. ನೋಡನೋಡುತ್ತಿದ್ದಂತೆ ಪೇಟೆಯ ಲ್ಯಾಬುಗಳಲ್ಲಿ 'ಕೋವಿಡ್ ಪ್ರೊಫೈಲ್' ಎಂಬ ಪ್ಯಾಕೇಜು ಹುಟ್ಟಿಕೊಂಡಿತು. ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್, ಐಎಲ್-6 ಎಲ್ಲ ಒಂದೇ ಬಿಲ್ಲಿನಲ್ಲಿ, ಹಬ್ಬದ ಬಟ್ಟೆಯ ಕಾಂಬೋ ಆಫರ್ ಹಾಗೆ. ನಮ್ಮ ಲ್ಯಾಬಿನಲ್ಲಿ ಆಗ ಸಿಆರ್‌ಪಿ ಎಂದರೆ ಗಾಜಿನ ಮೇಲೆ ಲೇಟೆಕ್ಸ್ ಕಲಸಿ ಹರಳುಗಟ್ಟಿತೋ ಇಲ್ಲವೋ ನೋಡುವುದು. ಪಾಸಿಟಿವ್, ನೆಗೆಟಿವ್ ಅಷ್ಟೇ. ಅಂಕಿ ಬೇಕೆಂದರೆ ಸ್ಯಾಂಪಲ್ಲು ಜೀಪಿನಲ್ಲಿ ಹೋಗಬೇಕಿತ್ತು.

ಹಾಗಾಗಿ ಇದ್ದದ್ದರಲ್ಲೇ ಹುಡುಕಿದೆ. ಸಾದಾ ಸಿಬಿಸಿಯಲ್ಲೇ, ಅಂದರೆ ರಕ್ತಕಣಗಳ ಎಣಿಕೆಯಲ್ಲೇ, ಒಂದು ಸುಳಿವಿದೆ. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ಕಣದ ಬಗೆಗಳು; ಮೊದಲನೆಯದರ ಶೇಕಡಾವಾರನ್ನು ಎರಡನೆಯದರ ಶೇಕಡಾವಾರಿನಿಂದ ಭಾಗಿಸಿದರೆ ಬರುವ ಎನ್‌ಎಲ್‌ಆರ್. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 1ರಿಂದ 3ರೊಳಗೆ. ಕಾಯಿಲೆ ಬಿಗಿಯಾದಂತೆ ಲಿಂಫೋಸೈಟ್ ಬೀಳುತ್ತದೆ, ನ್ಯೂಟ್ರೋಫಿಲ್ ಏರುತ್ತದೆ, ಭಾಗಲಬ್ಧ ಹಿಗ್ಗುತ್ತದೆ. ನಮ್ಮ ಹಳೆಯ ಸೆಲ್ ಕೌಂಟರ್ ಬಿಳಿ ಕಣಗಳನ್ನು ಮೂರೇ ಗುಂಪಾಗಿ ವಿಂಗಡಿಸುವ ಮಷೀನು, ಅದರ ಮೇಲೆ ನನಗೆ ಪೂರ್ತಿ ನಂಬಿಕೆಯಿರಲಿಲ್ಲ. ನಮ್ಮ ಲ್ಯಾಬ್ ಟೆಕ್ನಿಷಿಯನ್ ಮೇಡಂ ಸ್ಲೈಡ್ ಎಳೆದು ಸೂಕ್ಷ್ಮದರ್ಶಕದಲ್ಲಿ 100 ಕಣ ಕೈಯಾರೆ ಎಣಿಸುತ್ತಿದ್ದರು, ಪಿಪಿಇ ಒಳಗೆ ಬೆವರುತ್ತಾ. "ಸಾರ್, ಇವತ್ತು ಮೂವರಲ್ಲಿ ಒಂದೂ ಇಯೊಸಿನೋಫಿಲ್ ಸಿಗಲಿಲ್ಲ" ಎಂದು ಅವರೇ ಮೊದಲು ಹೇಳಿದ್ದು. ಹುಳ, ಅಲರ್ಜಿ ಇದ್ದರೆ ಹೆಚ್ಚುವ ಬಿಳಿ ಕಣ ಅದು. ಹೊಟ್ಟೆಯಲ್ಲಿ ಹುಳ, ಮೂಗಿನಲ್ಲಿ ಅಲರ್ಜಿ ಇರುವ ನಮ್ಮ ಊರಿನಲ್ಲಿ ಇಯೊಸಿನೋಫಿಲ್ ಸೊನ್ನೆ ಎಂದರೆ ಸುದ್ದಿಯೇ. ಅದು ಕೋವಿಡ್‌ನ ಒಂದು ಲಕ್ಷಣ ಎಂದು ಓದಿದ್ದು ನಂತರ.

2020ರ ಸೆಪ್ಟೆಂಬರ್‌ನಲ್ಲಿ, ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿ ಸಾಯುವ ಸಂಭವ ಅಂದಾಜು ಮಾಡುವ ಬ್ರಿಟನ್‌ನವರ 4ಸಿ ಸ್ಕೋರ್ ಬಂತು. ಅಲ್ಲಿನ 260 ಆಸ್ಪತ್ರೆಗಳ ರೋಗಿಗಳ ಮಾಹಿತಿಯಿಂದ ಕಟ್ಟಿದ್ದು. ವಯಸ್ಸು, ಗಂಡೋ ಹೆಣ್ಣೋ, ಮೊದಲೇ ಇದ್ದ ಕಾಯಿಲೆಗಳು, ಉಸಿರಾಟದ ವೇಗ, ಸ್ಯಾಚುರೇಷನ್, ಎಚ್ಚರ, ಯೂರಿಯಾ, ಸಿಆರ್‌ಪಿ ಎಂದು ಎಂಟು ಸಂಗತಿ, ಒಟ್ಟು 21 ಅಂಕ. ಅದನ್ನು ಪೆನ್ಸಿಲಿನಲ್ಲಿ ಕೂಡಿಸಿ ನೋಡಿದಾಗ ನನಗೆ ನಗು ಬಂತು. ಪ್ಯಾಕೇಜಿಗೆ ಜನ ಸಾವಿರಾರು ರೂಪಾಯಿ ಸುರಿಯುತ್ತಿದ್ದರೆ, ಇಲ್ಲಿ 21ರಲ್ಲಿ ರಕ್ತಕ್ಕೆ ಸಿಕ್ಕಿದ್ದು ಬರೀ 5. ಯೂರಿಯಾಕ್ಕೆ 3, ಸಿಆರ್‌ಪಿಗೆ 2. ಡಿ-ಡೈಮರ್‌ಗೂ ಫೆರಿಟಿನ್‌ಗೂ ಜಾಗವೇ ಇಲ್ಲ. ವಯಸ್ಸೊಂದಕ್ಕೇ 7. ಯೂರಿಯಾ ನಮ್ಮ ಲ್ಯಾಬಿನಲ್ಲಿ ದಿನಾ ಆಗುವ ಪರೀಕ್ಷೆ, ಆದರೆ ಅವರ ಅಳತೆಯ ಮಾನ ಬೇರೆ: ಅವರ 7 ಎಂದರೆ ನಮ್ಮ 42, ಅವರ 14 ಎಂದರೆ ನಮ್ಮ 84. ಈ ಎರಡು ಅಂಕಿಯನ್ನು ವಾರ್ಡಿನ ಗೋಡೆಗೆ ಅಂಟಿಸಿದೆ. ಅಲ್ಲಿಯವರೆಗೆ ಯೂರಿಯಾ 60 ಇದ್ದರೆ "ನೀರು ಕುಡಿದಿಲ್ಲ" ಎಂದು ದಾಟಿ ಹೋಗುತ್ತಿದ್ದವನು ನಾನು.

ಮಾನದ ಗೊಂದಲ ಎಂದಾಗ ಡಿ-ಡೈಮರ್ ಕಥೆ ಹೇಳಲೇಬೇಕು. ಒಬ್ಬರ ಮಗ ಓಡಿಬಂದು, "ಸಾರ್, ಅಪ್ಪನಿಗೆ ಸೋಮವಾರ 780 ಇತ್ತು, ಇವತ್ತು 1.6! ಪೂರ್ತಿ ಇಳಿದುಹೋಯ್ತು" ಎಂದ. ಖುಷಿಯಲ್ಲಿ ಅವನ ಕಣ್ಣು ತುಂಬಿತ್ತು. ಎರಡು ಬೇರೆ ಲ್ಯಾಬು. ಒಂದರದ್ದು ನ್ಯಾನೋಗ್ರಾಂ, ಇನ್ನೊಂದರದ್ದು ಮೈಕ್ರೋಗ್ರಾಂ. ಅದೂ ಸಾಲದೆಂದು ಒಬ್ಬರು ಡಿಡಿಯು ಮಾನದಲ್ಲಿ ಕೊಟ್ಟಿದ್ದರು, ಇನ್ನೊಬ್ಬರು ಎಫ್‌ಇಯು ಮಾನದಲ್ಲಿ. ಎಫ್‌ಇಯು ಅಂಕಿ ಡಿಡಿಯುಗಿಂತ ಸುಮಾರು ಎರಡರಷ್ಟಿರುತ್ತದೆ. 780ನ್ನು ಎರಡರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಅದೇ 1.6ರ ಹತ್ತಿರ ಬಂದು ನಿಲ್ಲುತ್ತದೆ. ಇಳಿದೂ ಇರಲಿಲ್ಲ, ಏರಿಯೂ ಇರಲಿಲ್ಲ. ಆ ಹುಡುಗನಿಗೆ ಇದನ್ನು ಬಿಡಿಸಿ ಹೇಳುವುದು ನನ್ನ ಪಾಲಿನ ಕೆಟ್ಟ ಕೆಲಸಗಳಲ್ಲಿ ಒಂದು. ಅಂದಿನಿಂದ ಒಬ್ಬ ರೋಗಿಗೆ ಒಂದೇ ಲ್ಯಾಬು ಎಂದು ಪಟ್ಟು ಹಿಡಿದೆ, ಮಾನವನ್ನೂ ಅಂಕಿಯ ಪಕ್ಕವೇ ಬರೆಯತೊಡಗಿದೆ. ಜೀವಕೋಶ ಹಾಳಾದಾಗ ರಕ್ತಕ್ಕೆ ಇಳಿಯುವ ಕಿಣ್ವವಾದ ಎಲ್‌ಡಿಎಚ್ ಅನ್ನು ಮಾತ್ರ ಕೈಬಿಟ್ಟೆ. ತಿರುವು ರಸ್ತೆಯಲ್ಲಿ ಜೀಪು ಕುಲುಕಿ ಕೆಂಪು ಕಣ ಒಡೆದರೆ ಕಣದೊಳಗಿನ ಎಲ್‌ಡಿಎಚ್ ಹೊರಬಂದು ಅಂಕಿ ತಾನಾಗಿ ಏರುತ್ತದೆ. ರೋಗಿಯ ಶ್ವಾಸಕೋಶ ಹಾಳಾಗಿದೆಯೋ ರಸ್ತೆ ಹಾಳಾಗಿದೆಯೋ ಹೇಳುವುದು ಹೇಗೆ?

2021ರ ಮೇ ತಿಂಗಳ ಒಂದು ಬೆಳಿಗ್ಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಷ್ಟೊತ್ತಿಗೆ ನಮ್ಮ ಲ್ಯಾಬಿಗೂ ಸಿಆರ್‌ಪಿ ಅಂಕಿ ಕೊಡುವ ಮಷೀನು ಬಂದಿತ್ತು. ಏಳನೇ ಹಾಸಿಗೆಯಲ್ಲಿ 61 ವರ್ಷದ ಅಂಗಡಿ ಯಜಮಾನರು, ಸಕ್ಕರೆ ಕಾಯಿಲೆ, ನಾಲ್ಕು ಲೀಟರ್ ಆಕ್ಸಿಜನ್. ಎಂಟನೆಯದರಲ್ಲಿ 44ರ ಲಾರಿ ಡ್ರೈವರ್. ಆಕ್ಸಿಜನ್ ಇಲ್ಲ, ಸ್ಯಾಚುರೇಷನ್ 92. ಇಬ್ಬರದ್ದೂ ಅಂದಿನ ಸಿಆರ್‌ಪಿ 64. ಮೇಲಿನ ಆಸ್ಪತ್ರೆಯಲ್ಲಿ ಒಂದೇ ಒಂದು ಹಾಸಿಗೆ ಖಾಲಿಯಿದೆ, ಹನ್ನೊಂದರೊಳಗೆ ಕಳಿಸಿದರೆ ಉಂಟು ಎಂದು ಫೋನು ಬಂತು.

4ಸಿ ಲೆಕ್ಕ ಹಾಕಿದರೆ ಯಜಮಾನರಿಗೆ 10, ಡ್ರೈವರ್‌ಗೆ 3. ಮೂರರವರೆಗಿನ ಅಂಕಕ್ಕೆ ಆ ಅಧ್ಯಯನದಲ್ಲಿ ಸಾವು ಶೇಕಡಾ 1ರ ಆಸುಪಾಸು. ಸಿಸ್ಟರುಗಳೂ ನನ್ನ ಜೊತೆಗಿದ್ದ ಡಾಕ್ಟರೂ ಏಳನೆಯವರನ್ನು ಕಳಿಸೋಣ ಎಂದರು. ಕಾಗದದ ಮೇಲೆ ಅದೇ ಸರಿ. ನಾನು ಪುಸ್ತಕ ತೆರೆದೆ. ಏಳನೆಯವರದ್ದು ಹನ್ನೆರಡನೇ ದಿನ, ಸಿಆರ್‌ಪಿ 148, 102, 64. ಆಕ್ಸಿಜನ್ ಎಂಟು ಲೀಟರ್‌ನಿಂದ ನಾಲ್ಕಕ್ಕೆ ಬಂದಿದೆ. ಎಂಟನೆಯವರದ್ದು ಆರನೇ ದಿನ, ಸಿಆರ್‌ಪಿ ಹಿಂದಿನ ದಿನ 18, ಇವತ್ತು 64. ಎನ್‌ಎಲ್‌ಆರ್ 4 ಇದ್ದದ್ದು 9, ಸ್ಟೀರಾಯ್ಡ್ ಒಂದು ಡೋಸೂ ಆಗುವ ಮೊದಲೇ. ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದೆ, 26. ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಸಿದರೆ ಸ್ಯಾಚುರೇಷನ್ 88. "ನಂಗೇನಾಗಿಲ್ಲ ಸಾರ್, ಅವ್ರನ್ನ ಕಳ್ಸಿ, ವಯಸ್ಸಾದೋರು" ಎಂದು ಅವನೇ ಹೇಳುತ್ತಿದ್ದ. ಎಂಟನೆಯವನನ್ನೇ ಕಳಿಸಿದೆ. ಅವನು ನಡೆದುಕೊಂಡೇ ಹೋಗಿ ಆಂಬುಲೆನ್ಸ್ ಹತ್ತಿದ. ಏಳನೇ ಹಾಸಿಗೆಯವರ ಮಗಳು ಆ ಹೊತ್ತಿನಲ್ಲಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮಾರನೇ ದಿನ ಡ್ರೈವರ್‌ಗೆ ಹೈ ಫ್ಲೋ ಆಕ್ಸಿಜನ್ ಹಾಕಿದರು ಎಂದು ಗೊತ್ತಾಯಿತು. ಮೂರು ವಾರಕ್ಕೆ ಮನೆಗೆ ಬಂದ. ಯಜಮಾನರು ನಮ್ಮಲ್ಲಿಂದಲೇ ಒಂದು ವಾರದಲ್ಲಿ ಗುಣವಾಗಿ ಮನೆಗೆ ಹೋದರು.

ಇದರಿಂದ 4ಸಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅದು ದಾಖಲಾದ ಹೊತ್ತಿನ ಒಂದು ಫೋಟೋ, ಸಾವಿರಾರು ಜನರ ಸರಾಸರಿಗೆ ಸರಿಯಾಗಿಯೇ ಹೊಂದುತ್ತದೆ. ಹನ್ನೆರಡನೇ ದಿನ ಅದನ್ನು ಕೂಡಿಸಿದವನು ನಾನು. ಒಂದು ವೇಳೆ ಆ ರಾತ್ರಿ ಯಜಮಾನರು ಕೆಟ್ಟಿದ್ದರೆ ಇದನ್ನು ಇಷ್ಟು ನೆಮ್ಮದಿಯಿಂದ ಬರೆಯುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು.

ಸ್ಟೀರಾಯ್ಡ್ ಮಾತು ಬಂತಲ್ಲ. ಡೆಕ್ಸಾಮೆಥಸೋನ್ ಕೊಟ್ಟ ಮೇಲೆ ಎನ್‌ಎಲ್‌ಆರ್ ನೋಡಬಾರದು. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳನ್ನು ಅದು ರಕ್ತಕ್ಕೆ ಇಳಿಸುತ್ತದೆ, ಲಿಂಫೋಸೈಟ್ ತಗ್ಗಿಸುತ್ತದೆ, ಇಯೊಸಿನೋಫಿಲ್ ಅಳಿಸಿಹಾಕುತ್ತದೆ. ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಭಾಗಲಬ್ಧ 15 ತೋರಿಸುತ್ತದೆ. ಇದು ತಲೆಗೆ ಹೊಳೆಯುವ ಮೊದಲು ಒಬ್ಬರನ್ನು ಸುಮ್ಮನೆ ಮೇಲಿನ ಆಸ್ಪತ್ರೆಗೆ ಓಡಿಸಿದ್ದೇನೆ. ಈಗ ಸ್ಟೀರಾಯ್ಡ್ ಶುರುವಾದ ಸಾಲಿನ ಮೇಲೆ ಕೆಂಪು ಗೆರೆ ಎಳೆಯುತ್ತೇನೆ, ಗೆರೆಯ ಕೆಳಗಿನ ಎನ್‌ಎಲ್‌ಆರ್ ಲೆಕ್ಕಕ್ಕಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಎರಡನೇ ಅಲೆಯಲ್ಲಿ ಮೂರು ವಾರ ಬೇರೊಂದು ದೊಡ್ಡ ಆಸ್ಪತ್ರೆಗೆ ನಿಯೋಜನೆಯ ಮೇಲೆ ಹೋದಾಗ. ಅಲ್ಲಿ ಟೊಸಿಲಿಜುಮ್ಯಾಬ್ ಎಂಬ ಔಷಧಿ ಸಿಗುತ್ತಿತ್ತು. ಆಕ್ಸಿಜನ್ ಬೇಕಾಗಿ ಸಿಆರ್‌ಪಿ 75 ದಾಟಿದವರಿಗೆ ಅದರಿಂದ ಸಾವು ಕಡಿಮೆಯಾಗುತ್ತದೆ ಎಂದು ಬ್ರಿಟನ್‌ನ ರಿಕವರಿ ಪ್ರಯೋಗ 2021ರ ಫೆಬ್ರವರಿಯಲ್ಲಿ ಹೇಳಿತ್ತು. ಐವತ್ತರ ಆಸುಪಾಸಿನ ಒಬ್ಬ ಶಿಕ್ಷಕಿಗೆ ಕೊಟ್ಟೆವು. ಸಿಆರ್‌ಪಿ 160 ಇದ್ದದ್ದು ನಾಲ್ಕು ದಿನದಲ್ಲಿ 12. ಪುಸ್ತಕದಲ್ಲಿ "ಇಳಿಯುತ್ತಿದೆ, ಒಳ್ಳೆಯದು" ಎಂದು ಬರೆದೆ, ಅವರ ಗಂಡನಿಗೆ ಫೋನಿನಲ್ಲಿಯೂ ಹಾಗೆಯೇ ಹೇಳಿದೆ. ಆದರೆ ಆಕ್ಸಿಜನ್ ಎಂಟು ಲೀಟರ್‌ನಿಂದ ಹನ್ನೆರಡಕ್ಕೆ ಏರಿತ್ತು. ಯಕೃತ್ತು ಸಿಆರ್‌ಪಿ ತಯಾರಿಸುವುದು ಐಎಲ್-6 ಎಂಬ ರಾಸಾಯನಿಕ ಸಂದೇಶದ ಆಜ್ಞೆಯಿಂದ. ಟೊಸಿಲಿಜುಮ್ಯಾಬ್ ಆ ಆಜ್ಞೆ ಯಕೃತ್ತಿಗೆ ತಲುಪದಂತೆ ಕಿವಿ ಮುಚ್ಚುತ್ತದೆ. ಹಾಗಾಗಿ ಶ್ವಾಸಕೋಶದಲ್ಲಿ ಹೊಸ ಬ್ಯಾಕ್ಟೀರಿಯಾ ಸೋಂಕು ಹತ್ತಿಕೊಂಡರೂ ಸಿಆರ್‌ಪಿ ಬಾಯಿ ಬಿಡುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ಕಫದ ಕಲ್ಚರ್ ಕಳಿಸಿದ್ದು ಎರಡು ದಿನ ತಡವಾಗಿ. ಅವರು ಉಳಿಯಲಿಲ್ಲ. ಎರಡು ದಿನ ಮೊದಲೇ ಕಳಿಸಿದ್ದರೆ ಉಳಿಯುತ್ತಿದ್ದರೇ? ಆ ಪುಟವನ್ನು ಹರಿದಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ಸಿಟ್ಟಿತ್ತು. ಎರಡನೇ ದಿನದ ಸಾದಾ ಜ್ವರಕ್ಕೇ ಪ್ಯಾಕೇಜು ಮಾಡಿಸಿ, ಸಿಆರ್‌ಪಿ 20 ಬಂತೆಂದು ಹೆದರಿಸಿ, ಮನೆಯಲ್ಲೇ ಸ್ಟೀರಾಯ್ಡ್ ಶುರುಮಾಡಿಕೊಂಡು ಬರುತ್ತಿದ್ದರು. ಆಕ್ಸಿಜನ್ ಬೇಡದವರಿಗೆ ಸ್ಟೀರಾಯ್ಡ್‌ನಿಂದ ಲಾಭವಿಲ್ಲ ಎಂದು 2020ರ ಜೂನ್‌ನಲ್ಲೇ ಗೊತ್ತಾಗಿತ್ತು. ಸಕ್ಕರೆ 400 ಆಗಿ, ಕೆನ್ನೆ ಊದಿ, ಕಪ್ಪು ಶಿಲೀಂಧ್ರ ಅಂಟಿಸಿಕೊಂಡು ಬಂದವರನ್ನೂ ನೋಡಿದೆ. ಐಎಲ್-6 ಮತ್ತು ಫೆರಿಟಿನ್ ಬರೆಯುವುದನ್ನು ನಾನು ಪೂರ್ತಿ ನಿಲ್ಲಿಸಿದ್ದು ಆಗಲೇ. ಅಂಕಿ ಏನೇ ಬಂದರೂ ನಾನು ಮಾಡುವ ಚಿಕಿತ್ಸೆ ಬದಲಾಗುವುದಿಲ್ಲ ಎಂದಾದರೆ ಆ ದುಡ್ಡು ಮನೆಯವರ ಊಟಕ್ಕೆ ಇರಲಿ.

ನಮ್ಮ ಕಾಡಿನದೇ ಆದ ಮಂಗನ ಕಾಯಿಲೆ ಮಾತ್ರ ನನ್ನ ಕಾಲಂ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಕೆಡಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಉಣ್ಣೆ (ಉಣುಗು) ಎಂಬ ಹುಳುವಿನಿಂದ ಹರಡುತ್ತದೆ. ಮೊದಲ ವಾರ ಬಿಳಿ ಕಣವೂ ಪ್ಲೇಟ್‌ಲೆಟ್ಟೂ ಬೀಳುತ್ತವೆ, ಮೇಲ್ನೋಟಕ್ಕೆ ಡೆಂಗಿಯದೇ ರಿಪೋರ್ಟು. ಬೇಸಿಗೆಗೆ ಮೊದಲು ಕಾಡಿಗೆ ದರಗಿಗೆ (ಒಣಗಿದ ಎಲೆಗೆ) ಹೋಗಿದ್ದರಾ, ಹತ್ತಿರದಲ್ಲಿ ಮಂಗ ಸತ್ತಿತ್ತಾ ಎಂದು ಕೇಳದಿದ್ದರೆ ಎಡವುತ್ತೇವೆ. ಎರಡನೇ ವಾರ ಅಂಕಿಗಳೆಲ್ಲ ಸರಿಹೋಗಿ ಜ್ವರವೂ ಬಿಡುತ್ತದೆ. ಆದರೆ ಶೇಕಡಾ 10ರಿಂದ 20ರಷ್ಟು ಜನರಿಗೆ ಮೂರನೇ ವಾರದ ಹೊಸ್ತಿಲಲ್ಲಿ ಮತ್ತೆ ಜ್ವರ, ತಲೆನೋವು, ಕೈನಡುಕ, ಕಣ್ಣು ಮಂಜು. ಎರಡನೇ ವಾರದ ಚಂದದ ರಿಪೋರ್ಟು ಇದರ ಸುಳಿವು ಕೊಡುವುದಿಲ್ಲ. ಹಾಗಾಗಿ ಈ ರೋಗಿಗಳ ಪುಟದಲ್ಲಿ 21ರವರೆಗೆ ಸಾಲುಗಳನ್ನು ಮೊದಲೇ ಎಳೆದಿಡುತ್ತೇನೆ. ಡಿಸ್ಚಾರ್ಜ್ ಆದ ಮೇಲೆ ಆಶಾ ಕಾರ್ಯಕರ್ತೆಗೆ ಫೋನು ಮಾಡಿ ಖಾಲಿ ಸಾಲು ತುಂಬುತ್ತೇನೆ.

2024ರ ಮಳೆಗಾಲದಲ್ಲಿ ಡೆಂಗಿ ಮತ್ತೆ ಜೋರಾಯಿತು. ಡೆಂಗಿ ಪತ್ತೆ ಮಾಡುವ ಎನ್‌ಎಸ್1 ಮತ್ತು ಐಜಿಎಂ ಪರೀಕ್ಷೆಗಳಿಗೆ ಸರ್ಕಾರ ದರ ಕಟ್ಟಿದ್ದರಿಂದ ಟೆಸ್ಟು ಮಾಡಿಸುವವರೂ ಹೆಚ್ಚಾದರು. ನಾಲ್ಕನೇ ಪುಸ್ತಕ ಅರ್ಧ ತುಂಬಿದ್ದು ಆಗ. ಹೊಸದಾಗಿ ಬಂದ ಡ್ಯೂಟಿ ಡಾಕ್ಟರ್ ಹುಡುಗಿ ಇದನ್ನೆಲ್ಲ ಎಕ್ಸೆಲ್‌ಗೆ ಹಾಕಿದ್ದಾಳೆ. ಹಾಕುವಾಗ ಎಡತುದಿಯ ಕಾಲಂ ಅನ್ನು ತಾರೀಖು ಎಂದುಕೊಂಡು ಎಲ್ಲವನ್ನೂ ಜನವರಿ ಮಾಡಿಬಿಟ್ಟಿದ್ದಳು. ಒಂದು ಭಾನುವಾರ ಇಬ್ಬರೂ ಕುಳಿತು ಸರಿಮಾಡಿದೆವು.

ಮೊನ್ನೆ ರಾತ್ರಿ ಹತ್ತೂವರೆಗೆ ಪರಿಚಯದವರೊಬ್ಬರ ಫೋನು. "ಡಾಕ್ಟ್ರೇ, ತಂಗಿಗೆ ಪ್ಲೇಟ್‌ಲೆಟ್ 42 ಸಾವಿರ. ಬೆಳಿಗ್ಗೆಯಿಂದ ಜ್ವರ ಇಲ್ಲ. ಈಗಲೇ ಬೆಂಗಳೂರಿಗೆ ಹೊರಡೋದಾ?"

"ಪಿಸಿವಿ ಎಷ್ಟಿದೆ ಓದಿ. ನಿನ್ನೇದೂ ಓದಿ."

ಓದಿದರು. 34, ಹಿಂದಿನ ದಿನ 35.

"ಮೂತ್ರ ಹೋಗ್ತಿದೆಯಾ? ಹೊಟ್ಟೆನೋವು, ವಾಂತಿ?"

"ವಾಂತಿ ಇಲ್ಲ. ಮೂತ್ರ ಸಂಜೆಯಿಂದ ಮೂರು ಸಲ ಆಯ್ತು. ಗಂಜಿ ಕುಡಿದ್ಲು."

"ಜ್ವರ ಶುರುವಾಗಿದ್ದು ಯಾವತ್ತು?"

"ಮೂರ್ನಾಲ್ಕು ದಿನ ಆಯ್ತು."

"ಸಂತೆ ದಿನ ಅವಳು ಏನು ಮಾಡ್ತಿದ್ಲು?"

ಆ ಕಡೆ ಫೋನು ಕೆಳಗಿಟ್ಟು ಒಳಗೆ ಯಾರನ್ನೋ ಕೇಳಿ ಬರುವ ಸದ್ದು. ನಾನು ಪೆನ್ಸಿಲು ಹುಡುಕಿದೆ.